ಕಡಿದ ತಂತಿಗಳ ಲೆಕ್ಕ

ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಶ್ರೀರಂಜನಿಗೆ ತಾನು ಹಲ್ಲು ಕಚ್ಚಿಕೊಂಡು ನಿಂತಿದ್ದೇನೆ ಎಂಬುದು ದವಡೆ ನೋಯತೊಡಗಿದ ಮೇಲೆಯೇ ತಿಳಿದದ್ದು. ಸೌತ್ ಸಿ ಬಡಾವಣೆಯ ಆ ಅಪಾರ್ಟ್‌ಮೆಂಟಿನ ಮೇಲೆ ಸಣ್ಣ ವಿಮಾನವೊಂದು ತೀರ ಕೆಳಗೆ ಹಾರಿಹೋಯಿತು. ಶೆಲ್ಫಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮಗ ಅಭಿ ತಟ್ಟೆಯನ್ನು ಒಂದೇ ಬೆರಳಿನಿಂದ ಆಚೆ ತಳ್ಳಿ, “ಐ ಡೋಂಟ್ ವಾಂಟ್ ದ ಬರ್ನ್ಟ್ ಒನ್,” ಎಂದ. “ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ಎದ್ದು ಹೋಗು,” ಎಂದು ಅವಳು ಕೂಗಿದಳು, ಕೂಗಿದ ಮೇಲೆ ಚಾಕುವನ್ನು ಸಿಂಕಿಗೆ ಎಸೆದಳು. ಹುಡುಗ ಕಣ್ಣು ಪಿಳಿಪಿಳಿ ಮಾಡುತ್ತ ಸುಟ್ಟ ಬದಿಯನ್ನೇ ಕಚ್ಚಿದ. ಗಂಡ ಚೇತನ್ ಮೊಬೈಲಿನಿಂದ ತಲೆಯೆತ್ತಿ, “ಯಾರ ಮೇಲಿನ ಸಿಟ್ಟು ಯಾರ ಮೇಲೆ ತೀರಿಸ್ಕೊತಿದೀಯ?” ಎಂದ. ಅವನು ಹೇಳಿದ್ದು ಸರಿಯಾಗಿದ್ದರಿಂದಲೇ ಅವಳಿಗೆ ಇನ್ನಷ್ಟು ಮೈ ಉರಿಯಿತು. “ನೀನು ಆ ವಿಷಯ ಬಿಟ್ಬಿಡು ರಂಜು. ಅವರ ಕಂಪನಿ, ಅವರಿಷ್ಟ. ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್ಲಿಗೆ ಸಹಿ ಹಾಕೋದು ಅವರೇ, ಅದನ್ನ ಮರೀಬೇಡ.” ಮರೆಯುವುದು ಹೇಗೆ? ಈ ಪರದೇಶದ ಊರಿಗೆ ಬಂದ ಮೇಲೆ ಗಂಡನ ಟೆಲಿಕಾಂ ಕಂಪನಿಯ ಕಾಗದಗಳಲ್ಲಿ ‘ಜೊತೆಗಿರುವ ಹೆಂಡತಿ’ಯಾಗಿ ವರ್ಷಗಟ್ಟಲೆ ಕೂತವಳನ್ನು ಕರೆದು ಕೆಲಸ ಕೊಟ್ಟದ್ದು ವಿಶ್ವನಾಥ ಸರ್. ಅದನ್ನು ಅವರೂ ಮರೆತಿರಲಿಲ್ಲ, ಮರೆಯಲು ಬಿಟ್ಟೂ ಇರಲಿಲ್ಲ.

ವೆಸ್ಟ್‌ಲ್ಯಾಂಡ್ಸಿನಲ್ಲಿದ್ದ ಅವರ ಸಣ್ಣ ಆಫೀಸು ಚಿಪ್ ವಿನ್ಯಾಸ ಮಾಡುವವರಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುತ್ತಿತ್ತು. ಉಗುರಿನಷ್ಟು ಚಿಪ್ಪಿನೊಳಗೆ ಗೇಟುಗಳೆಂಬ ಲಕ್ಷಾಂತರ ಪುಟ್ಟ ಸ್ವಿಚ್ಚುಗಳು, ಅವುಗಳ ನಡುವೆ ತಂತಿಗಳ ಕಾಡು. ಅಷ್ಟನ್ನೂ ಒಮ್ಮೆಗೇ ಜೋಡಿಸಲು ಯಾವ ಕಂಪ್ಯೂಟರಿನ ಕೈಲೂ ಆಗುವುದಿಲ್ಲ. ಆದ್ದರಿಂದ ಸರ್ಕ್ಯೂಟನ್ನು ಮೊದಲು ಎರಡು ಸಮಭಾಗ ಮಾಡಬೇಕು, ಆ ಭಾಗಗಳನ್ನು ಮತ್ತೆ ಎರಡೆರಡು. ಹಾಗೆ ಒಡೆಯುವಾಗ ನಡುವಿನ ಗೆರೆ ಕಡಿಯುವ ತಂತಿಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಇದಕ್ಕೆ ವಿಶ್ವನಾಥ ಸರ್ ಅವರದೊಂದು ವಿಧಾನವಿತ್ತು, ತಮ್ಮ ಪಿಎಚ್‌ಡಿ ಕಾಲದಿಂದ ಸಾಕಿಕೊಂಡು ಬಂದದ್ದು: ಕಾದ ಲೋಹ ಮೆಲ್ಲಗೆ ಆರುವ ಹಾಗೆ ಗೇಟುಗಳನ್ನು ಮೊದಲು ಮನಬಂದಂತೆ ಆ ಕಡೆ ಈ ಕಡೆ ಹಾರಿಸುತ್ತ, ಬರಬರುತ್ತ ಹಾರಾಟ ಕಡಿಮೆ ಮಾಡುತ್ತ, ಕೊನೆಗೆ ತಣ್ಣಗೆ ಒಂದು ಕಡೆ ನಿಲ್ಲಿಸುವುದು. ಅದೇ ಆಫೀಸಿನ ಸ್ಥಳೀಯ ಹುಡುಗಿ ನ್ಯಾಂಬುರಾಳ ವಿಧಾನ ಬೇರೆ. ಅವಳು ಹತ್ತಿರದ ನಂಟಿರುವ ಗೇಟುಗಳನ್ನು ಮೊದಲು ಗುಂಪು ಕಟ್ಟುತ್ತಿದ್ದಳು, ಗುಂಪುಗಳನ್ನು ಭಾಗ ಮಾಡಿ, ಆಮೇಲೆ ಗುಂಪು ಬಿಚ್ಚಿ ಗೆರೆಯ ಬಳಿಯ ಗೇಟುಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ವಿಧಾನ ಯಾವುದಾದರೂ ಮೊದಲ ಹೆಜ್ಜೆ ಕುರುಡು. ಎಲ್ಲಿಂದ ಶುರುವಾಯಿತು ಎನ್ನುವುದರ ಮೇಲೆ ಉತ್ತರ ಕೆಡಬಹುದು, ಒಳ್ಳೆಯದೂ ಆಗಬಹುದು. ಅದಕ್ಕೇ ಬೇರೆ ಬೇರೆ ಕಡೆಯಿಂದ ಶುರುಮಾಡಿ ಹಲವು ಸಲ ಓಡಿಸಬೇಕು, ಎರಡನ್ನು ಹೋಲಿಸುವುದಾದರೆ ಎರಡಕ್ಕೂ ಅಷ್ಟಷ್ಟೇ ಸಲ ಅವಕಾಶ ಕೊಡಬೇಕು. ಕಾಲೇಜು ಹುಡುಗರಿಗೂ ಗೊತ್ತಿರುವ ವಿಷಯ. ಗುರುವಾರ ಶ್ರೀರಂಜನಿಯ ಕುರ್ಚಿಯ ಹಿಂದೆ ಬಂದು ನಿಂತ ವಿಶ್ವನಾಥ ಸರ್‌ಗೆ ಗೊತ್ತಿರಲಿಲ್ಲವೆ? “ರಂಜನಿ, ನಂದನ್ನ ಒಂದೈವತ್ತು ಸಲ ಓಡ್ಸಿ ಚೆನ್ನಾಗಿ ಬಂದಿದ್ದನ್ನ ತಗೋ. ಆ ಹುಡುಗೀದು ಒಂದ್ಸಲ ಸಾಕು.” ಅವಳು ಕತ್ತು ತಿರುಗಿಸದೆಯೇ, “ಸರ್, ಎರಡಕ್ಕೂ ಸಮ ಕೊಡ್ಬೇಕಲ್ವಾ?” ಎಂದಿದ್ದಳು. “ಕೊಟ್ಟಿದೀವಲ್ಲಮ್ಮ, ಎರಡೂ ಒಂದೇ ಮಷೀನಲ್ಲಿ ಓಡೋದು!” ಅವರು ತಮ್ಮ ಮಾತಿಗೆ ತಾವೇ ನಕ್ಕರು. ಅವಳ ತುಟಿಯೂ ಅರಳಿತು. ಅದು ಅವಳ ಅಪ್ಪಣೆ ಕೇಳಿ ಅರಳಿದ್ದಲ್ಲ. ದೊಡ್ಡವರು ನಕ್ಕರೆ ಅರಳಬೇಕೆಂದು ಅದಕ್ಕೆ ಯಾವಾಗಲೋ ಅಭ್ಯಾಸವಾಗಿಹೋಗಿತ್ತು. ಆಮೇಲೆ ಅವರು ಹೇಳಿದ ಹಾಗೆಯೇ ಓಡಿಸಿದಳು.

“ಸವಾ, ಮಾಮಾ?” ಎಂದು, ಎಲ್ಲ ಸರಿಯೇನಮ್ಮ ಎಂಬರ್ಥದಲ್ಲಿ, ಟ್ಯಾಕ್ಸಿಯವನು ಕೇಳಿದಾಗ, “ಸವಾ,” ಎಂದಳು. ಏನೂ ಸರಿಯಿಲ್ಲದಿದ್ದರೂ ಹೇಳಬಹುದಾದ ಮಾತು. ಮೊಂಬಾಸಾ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಪಕ್ಕದಲ್ಲಿ ನಿಂತ ಮಟಾಟು ವ್ಯಾನಿನ ಸಂಗೀತ ಟ್ಯಾಕ್ಸಿಯ ಗಾಜನ್ನು ಅದುರಿಸುತ್ತಿತ್ತು. ಅದರ ಬಾಗಿಲಿಗೆ ಜೋತುಬಿದ್ದಿದ್ದ ಕಂಡಕ್ಟರು ಇವಳನ್ನು ನೋಡಿ ನಕ್ಕ. ಇವನು ಯಾಕೆ ನಗಬೇಕು ಎಂದು ಅವಳಿಗೆ ರೇಗಿತು. ನಿನ್ನೆ ರುಂಡಾ ಬಡಾವಣೆಯಲ್ಲಿ ವಿಶ್ವನಾಥ ಸರ್ ಮನೆಯಲ್ಲೂ ಎಲ್ಲರೂ ಹೀಗೇ ನಕ್ಕಿದ್ದರು. ಗೇಟಿನಲ್ಲಿ ಇಬ್ಬರು ಗಾರ್ಡುಗಳು, ಒಳಗೆ ನೇರಳೆ ಹೂವಿನ ಮರದಡಿ ಉದ್ದನೆಯ ಟೇಬಲ್ಲು, ಅವರ ಹೆಂಡತಿ ಊರ್ಮಿಳಾ ಎಲ್ಲರ ತಟ್ಟೆಗೂ ತಾನೇ ಬಿಸಿಬೇಳೆಭಾತು ಬಡಿಸುತ್ತ, “ಶ್ರೀರಂಜನಿ, ತುಪ್ಪ ಹಾಕ್ಸ್ಕೊ, ಬಡಕಲಾಗಿದೀಯ,” ಎಂದು ಅಕ್ಕರೆ ತೋರುತ್ತಿದ್ದರು. ನಾಳೆ ಹಾಲೆಂಡಿನಿಂದ ಗಿರಾಕಿ ಬರುತ್ತಾನೆ, ಎರಡರಲ್ಲಿ ಒಂದು ವಿಧಾನವನ್ನು ಆರಿಸುತ್ತಾನೆ, ಅದನ್ನು ಅವರಲ್ಲಿ ಕೂರಿಸಿಕೊಡಲು ಒಬ್ಬರು ಹಾಲೆಂಡಿಗೆ ಹೋಗಬೇಕಾಗುತ್ತದೆ ಎಂಬ ಮಾತು ಬಂದಿತ್ತು. “ನ್ಯಾಂಬುರಾ ಒಳ್ಳೆ ಹುಡುಗಿ ಕಣ್ರೀ, ಕಷ್ಟಪಡ್ತಾಳೆ,” ಎಂದರು ವಿಶ್ವನಾಥ ಸರ್. “ಆದ್ರೆ ಲೆಕ್ಕ ಅನ್ನೋದು ರಕ್ತದಲ್ಲಿ ಬರ್ಬೇಕು ನೋಡಿ. ನಮ್ಮ ರಂಜನಿ ಮಗ್ಗಿ ಬಾಯಿಪಾಠ ಮಾಡ್ಕೊಂಡು ಬಂದೋಳು.” ಎಲ್ಲರೂ ನಕ್ಕರು. ಆ ಹೊತ್ತಿಗೆ ನೀರಿನ ಜಗ್ಗು ಹಿಡಿದು ಅವಳ ಭುಜದ ಪಕ್ಕದಲ್ಲೇ ನಿಂತಿದ್ದ ಆ ಮನೆಯ ಕೆಲಸದ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ನ್ಯಾಂಬುರಾ ಎಂಬ ಹೆಸರು, ಅದರ ಬೆನ್ನಿಗೇ ಬಂದ ನಗು ಅರ್ಥವಾಗಲು ಕನ್ನಡ ಯಾಕೆ ಬೇಕು? ಲೋಟಕ್ಕೆ ನೀರು ಬೀಳುವುದು ಅರೆಕ್ಷಣ ನಿಂತು ಮತ್ತೆ ಬಿದ್ದಿತ್ತು. “ಅಸಾಂಟೆ,” ಎಂದು ಶ್ರೀರಂಜನಿ ಆ ಹೆಂಗಸಿಗೆ ಥ್ಯಾಂಕ್ಸ್ ಹೇಳಿದ್ದಳು, ನಗುತ್ತಲೇ. ತಾನೂ ನಕ್ಕಿದ್ದಳಲ್ಲ! ತನಗಾಗಿ ಯಾರನ್ನೋ ತುಳಿದು ಮಾಡಿದ ಹೊಗಳಿಕೆಯನ್ನು ತುಪ್ಪದ ಜೊತೆ ಕಲಸಿಕೊಂಡು ತಿಂದಿದ್ದಳಲ್ಲ! ಟ್ಯಾಕ್ಸಿಯವನು ಕನ್ನಡಿಯಲ್ಲಿ ಅವಳನ್ನು ನೋಡಿ ರೇಡಿಯೋದ ದನಿ ತಗ್ಗಿಸಿದ. ತಾನು ಏನಾದರೂ ಬಾಯಿಬಿಟ್ಟು ಅಂದುಬಿಟ್ಟೆನೆ ಎಂದು ಅವಳಿಗೆ ಅನುಮಾನವಾಯಿತು.

ಮೀಟಿಂಗ್ ರೂಮಿನ ಗೋಡೆಯ ಮೇಲೆ ಅವಳೇ ಬಿಡಿಸಿದ ಚಿತ್ರ ದೊಡ್ಡದಾಗಿ ಬಿದ್ದಿತ್ತು. ಸರ್ಕ್ಯೂಟಿಗೊಂದು ಜೋಡಿ ಕಂಬ: ನೀಲಿ ವಿಶ್ವನಾಥ ಸರ್ ಅವರದ್ದು, ಕಿತ್ತಳೆ ನ್ಯಾಂಬುರಾಳದ್ದು. ಕಿತ್ತಳೆ ಕಂಬ ಎಲ್ಲ ಕಡೆಯೂ ಎತ್ತರ. ಕಡಿದ ತಂತಿಗಳ ಲೆಕ್ಕವಾದ್ದರಿಂದ ಇಲ್ಲಿ ಎತ್ತರವಾದಷ್ಟೂ ಸೋಲು. ಹಾಲೆಂಡಿನವನು, ಎತ್ತರದ ಆಳು, ಕುರ್ಚಿಯಲ್ಲಿ ಕಾಲು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಕೂತು ತಲೆಯಾಡಿಸುತ್ತಿದ್ದ. ವಿಶ್ವನಾಥ ಸರ್ ಕೋಟು ಹಾಕಿಕೊಂಡು ಬಂದಿದ್ದರು. ಅವರ ಇಂಗ್ಲಿಷು ಇಂದು ಇನ್ನಷ್ಟು ನುಣುಪಾಗಿತ್ತು. ನ್ಯಾಂಬುರಾ ಮೇಜಿನ ಆ ತುದಿಯಲ್ಲಿದ್ದಳು. ಸಣ್ಣ ಜಡೆಗಳನ್ನೆಲ್ಲ ಹಿಂದಕ್ಕೆ ಬಿಗಿದು ಕಟ್ಟಿ, ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಳು. ಆ ಹೊಸ ಅಂಗಿಯ ಮಡಿಕೆಯ ಗೆರೆಗಳು ಶ್ರೀರಂಜನಿಯ ಕಣ್ಣಿಗೆ ಚುಚ್ಚಿದವು. ಬಹಳ ಹೊತ್ತು ಗೋಡೆಯನ್ನೇ ನೋಡಿದ ನ್ಯಾಂಬುರಾ, “ಕ್ಷಮಿಸಿ. ದೊಡ್ಡ ಸರ್ಕ್ಯೂಟುಗಳಲ್ಲಿ ನನಗೆ ಸಿಕ್ಕಿದ್ದ ಸಂಖ್ಯೆಗಳು ಇದಕ್ಕಿಂತ ತುಂಬ ಕಡಿಮೆ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. “ನನ್ನದಕ್ಕೆ ಎಷ್ಟು ಸ್ಟಾರ್ಟ್ ಕೊಟ್ಟದ್ದು?” ವಿಶ್ವನಾಥ ಸರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಓಡಿಸಿದ್ದು ರಂಜನಿ. ಅವಳನ್ನೇ ಕೇಳೋಣ,” ಎಂದು ಅಂಗೈ ಚಾಚಿ ತೋರಿಸಿದರು, ಮದುವೆಮನೆಯಲ್ಲಿ ಊಟದ ಎಲೆ ತೋರಿಸುವ ಹಾಗೆ. ಮೂವರೂ ಅವಳ ಕಡೆ ತಿರುಗಿದರು. ಆ ಕ್ಷಣ ಅವಳಿಗೆ ಏನೂ ಅನ್ನಿಸಲಿಲ್ಲ. ಬಾಯಿ ಮಾತ್ರ ತೆರೆಯಿತು. “ಸ್ಟ್ಯಾಂಡರ್ಡ್ ಸೆಟ್ಟಿಂಗ್ಸ್,” ಎಂದಿತು. ನ್ಯಾಂಬುರಾ ಅವಳನ್ನೇ ನೋಡಿ, “ಓಕೆ,” ಎಂದಳು.

ಅಷ್ಟಕ್ಕೆ ಮುಗಿಯಲಿಲ್ಲ. ವಿಶ್ವನಾಥ ಸರ್ ಗಿರಾಕಿಯ ಕಡೆ ಬಾಗಿ, ನ್ಯಾಂಬುರಾಳ ಉತ್ಸಾಹ ಬಹಳ ದೊಡ್ಡದು, ಟೆಸ್ಟಿಂಗ್ ತಂಡಕ್ಕೆ ಅಂಥ ಉತ್ಸಾಹ ಬೇಕಾಗಿದೆ, ಮುಂದಿನ ವಾರದಿಂದ ಅವಳು ಅಲ್ಲಿರುತ್ತಾಳೆ, ಹಾಲೆಂಡಿಗೆ ರಂಜನಿ ಬರುತ್ತಾಳೆ ಎಂದರು. ನ್ಯಾಂಬುರಾಗೆ ಇದು ಆಗಷ್ಟೇ ತಿಳಿದದ್ದು, ಶ್ರೀರಂಜನಿಗೂ ಅಷ್ಟೇ. ವಿರಾಮದಲ್ಲಿ ಕಾಫಿ ಮಷೀನಿನ ಬಳಿ ಇಬ್ಬರೂ ಎದುರಾದರು. ನ್ಯಾಂಬುರಾ ಬೈಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಮೊದಲು ನಿಮ್ಮದಾಗಲಿ ಎಂಬಂತೆ ಜಾಗ ಬಿಟ್ಟಳು. ಕೆನ್ನೆಗೆ ಹೊಡೆದಿದ್ದರೆ ಸಹಿಸಬಹುದಿತ್ತು. ಈ ಸೌಜನ್ಯವನ್ನು ಏನು ಮಾಡುವುದು? ಕಪ್ಪು ತುಂಬಿ ಹೊರಗೆ ಚೆಲ್ಲಿ ಬೆರಳು ಸುಟ್ಟಿತು. ಅವಳು ಕಾಫಿಯನ್ನು ಅಲ್ಲೇ ಬಿಟ್ಟು ತನ್ನ ಕುರ್ಚಿಗೆ ಹೋಗಿ ಕೂತಳು.

ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನ ಕೋಣೆಯೊಂದು ನೆನಪಾಯಿತು. ಪ್ರಾಜೆಕ್ಟು ನೋಡಲು ಹೊರಗಿನಿಂದ ಬಂದ ಪರೀಕ್ಷಕರು ಎಲೆಯಡಿಕೆ ಜಗಿಯುತ್ತ ಪುಟ ತಿರುವಿ, “ಇಷ್ಟೊಂದು ಕೋಡು ನೀನು ಬರ್ದಿದ್ದೇನಮ್ಮ? ಇವನು ತಾನೆ ಬರ್ದಿದ್ದು?” ಎಂದು ಪಕ್ಕದಲ್ಲಿದ್ದ ಪ್ರಾಜೆಕ್ಟಿನ ಜೊತೆಗಾರ ಅನಿಲನನ್ನು ತೋರಿಸಿದ್ದರು. ಬರೆದದ್ದಷ್ಟೂ ಅವಳು. ಅನಿಲ ಏನಾದರೂ ಹೇಳುತ್ತಾನೆಂದು ಕಾದಳು. ಅವನು ನೆಲ ನೋಡಿದ. ಅವಳು, “ಇಬ್ರೂ ಸೇರಿ, ಸರ್,” ಎಂದಳು. ಹೊರಗೆ ಬಂದು ಹೆಂಗಸರ ಶೌಚಾಲಯದ ಗೋಡೆಗೆ ಕೈ ಗುದ್ದಿ ಗುದ್ದಿ ಬೆರಳ ಗಂಟು ಊದಿಸಿಕೊಂಡಿದ್ದಳು. ಪರೀಕ್ಷಕರಿಗಿಂತ ಹೆಚ್ಚಾಗಿ ನೆಲ ನೋಡಿದ ಅನಿಲನ ಮೇಲಿನ ಸಿಟ್ಟು ಅದು, ಎಷ್ಟೋ ವರ್ಷ ಆರದೆ ಉಳಿದದ್ದು. ಈಗ ಆ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ತಾನು ಇವತ್ತು ಆಡಿದ ಎರಡು ಪದಕ್ಕಿಂತ ಅನಿಲನ ಮೌನವೇ ಮರ್ಯಾದಸ್ಥವಾಗಿತ್ತು ಅನ್ನಿಸಿತು. ಅವಳು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡು ವಿಧಾನಕ್ಕೂ ಅಷ್ಟಷ್ಟೇ ಸ್ಟಾರ್ಟು, ಅಷ್ಟಷ್ಟೇ ಸಮಯ, ಅವೇ ಸರ್ಕ್ಯೂಟುಗಳು. ಕೀಲಿಗಳನ್ನು ಕುಟ್ಟುವ ಸದ್ದಿಗೆ ಅಕ್ಕಪಕ್ಕದವರು ತಿರುಗಿ ನೋಡಿದರು. ಎಲ್ಲರೂ ಊಟಕ್ಕೆ ಇಳಿದುಹೋದರು. ಅವಳು ಏಳಲಿಲ್ಲ.

ಒಂದೊಂದಾಗಿ ಬಂದ ಸಂಖ್ಯೆಗಳನ್ನು ಅವಳು ಮೊದಲು ನಂಬಲಿಲ್ಲ. ಚಿಕ್ಕ ಸರ್ಕ್ಯೂಟುಗಳಲ್ಲಿ ವಿಶ್ವನಾಥ ಸರ್ ಅವರದೇ ಮೇಲು, ಅದೂ ನೋಡಿದರೆ ಖುಷಿಯಾಗುವಷ್ಟು. ದೊಡ್ಡವುಗಳಲ್ಲಿ ನ್ಯಾಂಬುರಾಳದು ಮೇಲು, ಬಹಳ ಮೇಲು. ಹಾಲೆಂಡಿನವನಿಗೆ ಬೇಕಾಗಿದ್ದದ್ದು ದೊಡ್ಡವುಗಳು. ಅಂದರೆ ವಿಶ್ವನಾಥ ಸರ್ ಏನೂ ಇಲ್ಲದ ಮನುಷ್ಯನಲ್ಲ. ಸುಳ್ಳು ಹೇಳದೆಯೇ ತಲೆಯೆತ್ತಿ ಕೂರಬಹುದಾಗಿತ್ತು, ಚಿಕ್ಕದಕ್ಕೆ ನನ್ನದು, ದೊಡ್ಡದಕ್ಕೆ ಅವಳದು ಎನ್ನಬಹುದಾಗಿತ್ತು. ಗತಿಯಿಲ್ಲದವನು ಕದ್ದರೆ ಅರ್ಥವಿದೆ. ತುಂಬಿದ ಮನೆಯವನು, ಗೇಟಿಗೆ ಇಬ್ಬರು ಗಾರ್ಡುಗಳನ್ನಿಟ್ಟುಕೊಂಡವನು, ಒಂದು ಹುಡುಗಿ ತನ್ನ ಪಕ್ಕ ಸಮಕ್ಕೆ ನಿಲ್ಲುವುದನ್ನು ನೋಡಲಾರದೆ ಇಷ್ಟು ಮಾಡಬೇಕೆ? ಅದಕ್ಕೆ ತನ್ನ ಕೈಯೇ ಬೇಕಾಯಿತೆ? ಲ್ಯಾಪ್‌ಟಾಪು ಎತ್ತಿಕೊಂಡು ಹೊರಟಳು. ಹೆದರಿಕೆಯಿಲ್ಲ ಎಂದು ತನಗೇ ಹೇಳಿಕೊಂಡಳು. ಹೆದರಿಕೆಯೂ ಇತ್ತು.

ಮೀಟಿಂಗ್ ರೂಮಿನ ಬಾಗಿಲು ತಟ್ಟದೆ ಒಳಗೆ ಹೋದಳು. ಹಾಲೆಂಡಿನವನು ಕಾಗದಗಳನ್ನು ಮುಂದಿಟ್ಟುಕೊಂಡಿದ್ದ. ನ್ಯಾಂಬುರಾ ತನ್ನ ಚಾರ್ಜರಿನ ವೈರು ಸುತ್ತುತ್ತಿದ್ದಳು. ಶ್ರೀರಂಜನಿ ವಿಶ್ವನಾಥ ಸರ್ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿನ ಕೇಬಲ್ಲು ಕಿತ್ತು ತನ್ನದಕ್ಕೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂತಳು. “ಇದು ಈಗ ಓಡಿಸಿದ್ದು,” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು. ಗೋಡೆಯ ಮೇಲೆ ಕಂಬಗಳು ಬದಲಾದವು. ವಿಶ್ವನಾಥ ಸರ್‌ಗೆ ಒಂದು ನೋಟ ಸಾಕಾಯಿತು. “ಎಕ್ಸೆಲೆಂಟ್! ರಂಜನಿ ಎಷ್ಟು ಅಚ್ಚುಕಟ್ಟು ನೋಡಿ. ಇದನ್ನೂ ರಿಪೋರ್ಟಿನ ಕೊನೆಗೆ ಸೇರಿಸೋಣ.” ಬೆಳಗಿನದಕ್ಕೂ ಇದಕ್ಕೂ ಇಷ್ಟು ವ್ಯತ್ಯಾಸ ಯಾಕೆ ಎಂದು ಹಾಲೆಂಡಿನವನು ಹುಬ್ಬು ಗಂಟಿಕ್ಕಿದ. “ರ‍್ಯಾಂಡಮ್ ಸ್ಟಾರ್ಟಲ್ಲವೆ, ಒಂದೊಂದು ಸಲ ಒಂದೊಂದು ಥರ ಬರುತ್ತೆ,” ಎಂದರು ವಿಶ್ವನಾಥ ಸರ್. ನಿಜದ ಒಂದು ಚೂರನ್ನು ಕತ್ತರಿಸಿ ಎಷ್ಟು ಸಲೀಸಾಗಿ ಇಟ್ಟುಬಿಟ್ಟರು! ಆಮೇಲೆ ನಗುಮುಖ ಬದಲಿಸದೆ, ದನಿ ಮಾತ್ರ ತಗ್ಗಿಸಿ, ಕನ್ನಡದಲ್ಲಿ ಹೇಳಿದರು: “ಈಗ ಬೇಡಮ್ಮ. ಸಂಜೆ ಮನೆ ಕಡೆ ಬಾ, ಕೂತ್ಕೊಂಡು ಮಾತಾಡೋಣ. ಮಗಳ ಥರ ನೋಡ್ಕೊಂಡಿದೀನಿ ನಿನ್ನ. ಹಾಲೆಂಡಿಗೆ ಕಳಿಸ್ತಿರೋದು ಯಾರನ್ನ, ಅವಳನ್ನಾ? ಸುಮ್ನೆ ಸಿಟ್ಟು ಮಾಡ್ಕೊಂಡು—”

“ನೀನು ಸುಮ್ನಿರು.”

ಅವಳ ದನಿ ಜೋರಾಗೇನೂ ಇರಲಿಲ್ಲ. ಆದರೆ ಹುಟ್ಟಿದಾಗಿನಿಂದ ತನಗಿಂತ ಹಿರಿಯರಾದ ಹೊರಗಿನ ಗಂಡಸೊಬ್ಬರಿಗೆ ಆ ಬಾಯಿ ‘ನೀನು’ ಅಂದಿರಲಿಲ್ಲ. ಪರೀಕ್ಷಕರನ್ನು ಮನಸ್ಸಿನಲ್ಲಿ ಬೈಯುವಾಗಲೂ ಬಹುವಚನದಲ್ಲೇ ಬೈದಿದ್ದಳು. ವಿಶ್ವನಾಥರ ಮುಖದ ನಗು ಅಲ್ಲೇ ನಿಂತಿತು, ಕಿವಿಗಳು ಮಾತ್ರ ಕೆಂಪಾದವು. ಆ ಕೋಣೆಯಲ್ಲಿ ಏನಾಯಿತೆಂದು ತಿಳಿದವರು ಇಬ್ಬರೇ. ಹಾಲೆಂಡಿನವನು ಏನೋ ಆಯಿತೆಂದು ಅರಿತು, ಅವಳು ಏನು ಹೇಳಿದಳೆಂದು ಕೇಳಿದ. ವಿಶ್ವನಾಥ ಕೋಟಿನ ಗುಂಡಿಯನ್ನು ಸವರಿಕೊಳ್ಳುತ್ತ, “ಷಿ ಈಸ್ ಅಪಾಲಜೈಸಿಂಗ್,” ಎಂದರು. “ಗೊಂದಲವಾದದ್ದಕ್ಕೆ.”

ನ್ಯಾಂಬುರಾ ವೈರು ಸುತ್ತುವುದನ್ನು ನಿಲ್ಲಿಸಿ, ನೇರವಾಗಿ ಶ್ರೀರಂಜನಿಯನ್ನು ನೋಡಿದಳು. “ಹೇಳಿದ್ದು ಅದೇನಾ?”

ಶ್ರೀರಂಜನಿ ಇಂಗ್ಲಿಷಿಗಾಗಿ ತಡಕಾಡಿದಳು. ಆ ಭಾಷೆಯಲ್ಲಿ ದೇವರಿಗೂ ನಾಯಿಗೂ ಮಾಲೀಕನಿಗೂ ಇರುವುದು ಒಂದೇ ‘ಯೂ’. ಅವಳ ಇಷ್ಟು ದಿನದ ಸಿಟ್ಟು ಸೇರಿಕೊಂಡಿದ್ದ ಆ ಒಂದು ಪದ ಅಲ್ಲಿಗೆ ಹೋಗುವಷ್ಟರಲ್ಲಿ ಸಪ್ಪೆಯಾಗಿಬಿಡುತ್ತಿತ್ತು. ತಾನು ಧೈರ್ಯ ಮಾಡಿದ್ದೂ ಕೂಡ ಇನ್ನೊಬ್ಬರಿಗೆ ಕೇಳಿಸದ ಹಾಗೆಯೇ ಅಲ್ಲವೆ ಎಂದು ಹೊಳೆದಾಗ ಅವಳ ಕಣ್ಣು ಕತ್ತಲೆಗಟ್ಟಿತು. ಇನ್ನು ಉಳಿದದ್ದು ನಡೆದದ್ದನ್ನು ಹೇಳುವುದೊಂದೇ. “ಅಲ್ಲ,” ಎಂದಳು. “ಬಾಯಿ ಮುಚ್ಚು ಅಂದೆ. ಅವರದ್ದಕ್ಕೆ ಐವತ್ತು ಸ್ಟಾರ್ಟು ಕೊಟ್ಟು ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡೆ. ನ್ಯಾಂಬುರಾಳದಕ್ಕೆ ಒಂದೇ ಒಂದು. ಹಾಗೆ ಮಾಡು ಅಂದರು, ಮಾಡಿದೆ. ತಪ್ಪೆಂದು ಗೊತ್ತಿದ್ದೇ ಮಾಡಿದೆ. ಬೆಳಿಗ್ಗೆ ಕೇಳಿದಾಗ ಸುಳ್ಳು ಹೇಳಿದೆ.” ವಾಕ್ಯಗಳು ತುಂಡುತುಂಡಾಗಿ ಬಿದ್ದವು, ವ್ಯಾಕರಣ ಕೆಟ್ಟಿತು, ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಎಲ್ಲಿ ಹೋಯಿತೋ. ಹಾಲೆಂಡಿನವನು ಪೆನ್ನು ಕೆಳಗಿಟ್ಟ. “ಮನೇಲಿ ಕೂರಿಸಿ ಊಟ ಹಾಕಿದ್ದಕ್ಕೆ ಇದಾ?” ಎಂದು ವಿಶ್ವನಾಥ ಕನ್ನಡದಲ್ಲಿ ಕೇಳಿದರು. ಅವರು ಎದ್ದು ಕಿಟಕಿಯ ಬಳಿ ಹೋಗಿ, ಕೆಳಗಿನ ಟ್ರಾಫಿಕ್ಕಿನ ಕಡೆ ಮುಖಮಾಡಿ ನಿಂತರು.

ನ್ಯಾಂಬುರಾ ಕೃತಜ್ಞತೆ ಹೇಳುತ್ತಾಳೆಂದು ಶ್ರೀರಂಜನಿ ನಿರೀಕ್ಷಿಸಿರಲಿಲ್ಲ. ಆದರೂ ಏನನ್ನೋ ನಿರೀಕ್ಷಿಸಿದ್ದಳೆಂದು, ಅದು ಸಿಗದಿದ್ದಾಗ ತಿಳಿಯಿತು. ನ್ಯಾಂಬುರಾ ಮೇಜು ಸುತ್ತಿ ಬಂದು ಗೋಡೆಯ ಮೇಲಿನ ಹೊಸ ಕಂಬಗಳನ್ನು ನೋಡಿದಳು, ದೊಡ್ಡ ಸರ್ಕ್ಯೂಟುಗಳಲ್ಲಿ ತನ್ನದು ಎಷ್ಟು ಗಿಡ್ಡಗಿದೆಯೆಂದು ನೋಡಿದಳು. ಅವಳ ಕತ್ತಿನ ನರ ಉಬ್ಬಿತ್ತು. “ಇದನ್ನೂ ಓಡಿಸಿದ್ದು ಅದೇ ಕೈಯಲ್ಲವೆ?” ಎಂದಳು. “ಇದನ್ನು ಮಾತ್ರ ನಾನು ಯಾಕೆ ನಂಬಬೇಕು?” “ಗೆಟ್ ಅಪ್,” ಎಂದಳು ನ್ಯಾಂಬುರಾ. ಪ್ಲೀಸ್ ಎನ್ನಲಿಲ್ಲ.

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ನ್ಯಾಂಬುರಾ ಕೂತು, ತನಗೆ ಗೆಲುವು ತೋರಿಸುತ್ತಿದ್ದ ಆ ಚಿತ್ರವನ್ನು ಅಳಿಸಿಹಾಕಿದಳು. ಗಿರಾಕಿಯ ಕಡೆ ತಿರುಗಿ, ಮನಸ್ಸಿಗೆ ಬಂದ ಯಾವುದಾದರೂ ಸಂಖ್ಯೆ ಹೇಳುವಂತೆ ಕೇಳಿದಳು. ಅವನು ಹೇಳಿದ್ದನ್ನೇ ಎರಡಕ್ಕೂ ಆರಂಭವೆಂದು ಕೊಟ್ಟಳು. ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದ. ಶ್ರೀರಂಜನಿ ಗೋಡೆಗೆ ಒರಗಿ ನಿಂತಳು. ಅವಳನ್ನು ಯಾರೂ ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪರ್ಮಿಟ್ಟು, ಚೇತನ್, ಸುಟ್ಟ ಬ್ರೆಡ್ಡು ಕಚ್ಚಿದ ಮಗನ ಮುಖ, ಎಲ್ಲವೂ ಒಟ್ಟಿಗೆ ಬಂದು ಹೋದವು. ಸಿಟ್ಟು ಹಾಗೇ ಇತ್ತು. ಸ್ಕ್ರೀನಿನ ಮೇಲೆ ಮೊದಲ ಸಂಖ್ಯೆಗಳು ಬಂದವು. ಅದು ಚಿಕ್ಕ ಸರ್ಕ್ಯೂಟು, ಗೆದ್ದದ್ದು ವಿಶ್ವನಾಥರ ವಿಧಾನ. ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತವರಿಗೂ ಕೇಳುವಂತೆ ನ್ಯಾಂಬುರಾ ಅದನ್ನು ಗಟ್ಟಿಯಾಗಿ ಓದಿದಳು.